ಜನರನ್ನಲ್ಲ, ನಲ್ಲಿಯನ್ನು ಸಾಗಿಸಿ

2018ರ ಜನವರಿಯಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಜೋಕೋ ವಿಡೋಡೊ ಒಂದು ಸಲಹೆ ಮುಂದಿಟ್ಟರು. ಪಪುವಾದ ದಕ್ಷಿಣ ಕರಾವಳಿಯ ಅಸ್ಮಾತ್ ಪ್ರದೇಶದಲ್ಲಿ ದಡಾರ ಮತ್ತು ಅಪೌಷ್ಟಿಕತೆಯಿಂದ ಕೆಲವೇ ತಿಂಗಳುಗಳಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಬಹುತೇಕರು ಎಳೆಯ ಮಕ್ಕಳು. ಅಸ್ಮಾತ್ ಎಂದರೆ ನದಿ, ಜೌಗು, ಕಾಂಡ್ಲಾ ಕಾಡುಗಳ ನಾಡು. ಸಮುದ್ರದ ಉಬ್ಬರ ನದಿಗಳ ಮೂಲಕ ಬಹುದೂರ ಒಳಕ್ಕೆ ನುಗ್ಗುತ್ತದೆ. ಕಲ್ಲು ಸಿಗದ ಆ ನೆಲದಲ್ಲಿ ಮನೆಗಳು ಕಂಬಗಳ ಮೇಲೆ ನಿಂತಿವೆ, ಬೀದಿ ಎಂದರೆ ಹಲಗೆ ಹಾಸಿದ ದಾರಿ. ಕುಡಿಯಲು ಹಿಡಿದಿಟ್ಟ ಮಳೆನೀರು. ಉಣ್ಣಲು ಸಾಗೋ ತಾಳೆಯ ತಿರುಳಿನ ಹಿಟ್ಟು, ಮೀನು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ದೋಣಿಯೇ ಗತಿ. ಇಷ್ಟು ಚದುರಿದ ಊರುಗಳಿಗೆ ವೈದ್ಯರು ಹೋಗುವುದು ಕಷ್ಟ, ಹಾಗಾಗಿ ಜನರನ್ನೇ ಅಗಾತ್ಸ್ ಪಟ್ಟಣಕ್ಕೆ ತಂದು ನೆಲೆಗೊಳಿಸೋಣ ಎಂಬುದು ಅಧ್ಯಕ್ಷರ ಸಲಹೆಯಾಗಿತ್ತು. ಅಸ್ಮಾತ್ ಜಿಲ್ಲಾಡಳಿತದ ಮುಖ್ಯಸ್ಥ ಎಲಿಸಾ ಕಂಬು ಅದನ್ನು ಒಪ್ಪಲಿಲ್ಲ. ತಮ್ಮ ಜನರ ಅನ್ನ, ಆಚಾರ, ನೆಲದ ಹಕ್ಕು ಎಲ್ಲವೂ ಅವರವರ ಹಳ್ಳಿಗೆ ಅಂಟಿಕೊಂಡಿವೆ, ಕಿತ್ತು ತಂದರೆ ಉಳಿಯುವುದಿಲ್ಲ ಎಂಬುದು ಅವರ ನಿಲುವು.

ಅಧ್ಯಕ್ಷರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಸತ್ತ ಮಕ್ಕಳ ಸುದ್ದಿ ಕೇಳಿದ ಯಾರಿಗಾದರೂ ಮೊದಲು ಹೊಳೆಯುವುದು ಅದೇ ಪರಿಹಾರ. ಆದರೂ ಆ ವಾದದಲ್ಲಿ ಒಂದು ಕೊಂಡಿ ತಪ್ಪಿದೆ. ದಡಾರ ಕೆಸರಿನಲ್ಲಿ ಹುಟ್ಟುವ ರೋಗವಲ್ಲ. ಲಸಿಕೆ ತಲುಪದ ಮಕ್ಕಳ ನಡುವೆ ಹರಡುವ ರೋಗ. 2022ರಲ್ಲಿ ಅದೇ ದಡಾರ ಮುಂಬಯಿಯ ಗೋವಂಡಿಯಲ್ಲಿ ಹಬ್ಬಿ ಮಕ್ಕಳು ಸತ್ತರು. ಅಲ್ಲಿ ದೋಣಿಯಲ್ಲಿ ದಾಟಬೇಕಾದ ನದಿ ಇರಲಿಲ್ಲ, ದೊಡ್ಡ ಆಸ್ಪತ್ರೆಗಳಿಗೂ ಕೊರತೆ ಇರಲಿಲ್ಲ. ಇದ್ದ ಕೊರತೆ ಎರಡೂ ಕಡೆ ಒಂದೇ. ಆದರೆ ಅಸ್ಮಾತ್‌ನಲ್ಲಿ ನಮ್ಮ ಕಣ್ಣು ಜೌಗಿನ ಮೇಲೆ ನೆಟ್ಟಿತು, ಲಸಿಕೆಯ ಪೆಟ್ಟಿಗೆ ಎಲ್ಲಿಯವರೆಗೆ ಹೋಗಿತ್ತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ನೀರಿನಂಚಿನ ಬಡವರ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆಯೂ ಇದೇ. ಅವರ ಕಷ್ಟಕ್ಕೆ ನೀರೇ ಕಾರಣ, ಅಲ್ಲಿಂದ ಎಬ್ಬಿಸಿ ಒಣನೆಲದ ಪಕ್ಕಾ ಮನೆಗೆ ಕಳಿಸಿದರೆ ಉದ್ಧಾರವಾಗುತ್ತಾರೆ, ಜೊತೆಗೆ ನದಿಯೂ ಚೊಕ್ಕಟವಾಗುತ್ತದೆ ಎಂದು ಸಜ್ಜನರೇ ಹೇಳುತ್ತಾರೆ. ಈ ಮಾತಿಗೆ ನನ್ನ ವಿನಯದ ಅಸಮ್ಮತಿ ಇದೆ. ಅವರ ಕಷ್ಟದ ದೊಡ್ಡ ಪಾಲು ಬರುವುದು ನಲ್ಲಿ, ಚರಂಡಿ, ಶಾಲೆ, ಔಷಧ ಇವೆಲ್ಲ ಅವರ ಬೀದಿಗೆ ಮುಂಚೆಯೇ ನಿಂತುಬಿಡುವುದರಿಂದ. ಅವನ್ನು ಮುಂದಕ್ಕೆ ಸಾಗಿಸುವುದು ಜನರನ್ನು ಸಾಗಿಸುವುದಕ್ಕಿಂತ ಸುಲಭ, ಅಗ್ಗ, ಮತ್ತು ಹೆಚ್ಚು ಫಲಕಾರಿ.

ಇದನ್ನು ಪರೀಕ್ಷಿಸಲು ಪಪುವಾಕ್ಕೆ ಹೋಗಬೇಕಿಲ್ಲ, ಗುಜರಾತ್ ಸಾಕು. ಅಹಮದಾಬಾದಿಗೆ ಸಾಬರಮತಿ, ವಡೋದರಾಕ್ಕೆ ವಿಶ್ವಾಮಿತ್ರಿ, ಸೂರತ್ತಿಗೆ ತಾಪಿ. ಮೂರೂ ನಗರಗಳು ದಡದ ಬಡವರನ್ನು ಏನು ಮಾಡುವುದು ಎಂಬ ಪ್ರಶ್ನೆಯನ್ನು ದಶಕಗಳಿಂದ ಎದುರಿಸಿವೆ. ಎಬ್ಬಿಸಿ ಸಾಗಿಸುವ ದಾರಿಯನ್ನೂ, ಇದ್ದಲ್ಲೇ ಸೌಕರ್ಯ ಕೊಡುವ ದಾರಿಯನ್ನೂ ಅಲ್ಲಿ ಹಿಡಿದು ನೋಡಿದ್ದಾರೆ. ಕೆಲವು ಪ್ರಯೋಗಗಳ ಫಲವನ್ನು ಸಂಶೋಧಕರು ಅಳೆದೂ ಇದ್ದಾರೆ.

ಮೊದಲು ಅಸ್ಮಾತ್‌ಗೆ ಅತಿ ಸಮೀಪದ ಉದಾಹರಣೆ ನೋಡೋಣ. ವಡೋದರಾ ಮತ್ತು ಸೂರತ್ ನಡುವಿನ ಭರೂಚ್ ಜಿಲ್ಲೆಯಲ್ಲಿ ನರ್ಮದೆ ಖಂಭಾತ್ ಕೊಲ್ಲಿ ಸೇರುವ ಜಾಗದಲ್ಲಿ ಆಲಿಯಾಬೇಟ್ ಎಂಬ ನಡುಗಡ್ಡೆ ಇದೆ. ಉಪ್ಪುನೆಲ, ಕೆಸರು, ಕಾಂಡ್ಲಾ ಗಿಡಗಳು. ಕಚ್ಛ್‌ನಿಂದ ಬಹುಕಾಲದ ಹಿಂದೆ ಬಂದ ಜತ್ ಸಮುದಾಯದ ಪಶುಪಾಲಕರು ಅಲ್ಲಿ ಎಮ್ಮೆ, ಒಂಟೆ ಸಾಕಿ, ಹಾಲು ಮಾರಿ ಬದುಕುತ್ತಾರೆ. ಮತ ಹಾಕಬೇಕೆಂದರೆ ಅವರು ಹಿಂದೆ 80 ಕಿ.ಮೀ. ಸುತ್ತುದಾರಿಯಲ್ಲಿ ಹೋಗಬೇಕಾಗಿತ್ತು. 2022ರ ವಿಧಾನಸಭಾ ಚುನಾವಣೆಯಲ್ಲಿ ಚುನಾವಣಾ ಆಯೋಗ ವಾಗ್ರಾ ಕ್ಷೇತ್ರದ ಈ ನಡುಗಡ್ಡೆಯಲ್ಲೇ, ಹಡಗಿನ ಸರಕು ತುಂಬುವ ಕಂಟೇನರ್ ಒಂದರಲ್ಲಿ ಮತಗಟ್ಟೆ ತೆರೆಯಿತು. ಅಲ್ಲಿದ್ದ ಮತದಾರರು 217 ಮಂದಿ.

ಆಯೋಗ ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಷ್ಟು ಕಡಿಮೆ ಜನರಿಗಾಗಿ ಅಷ್ಟು ಖರ್ಚೇಕೆ, ಇವರನ್ನೇ ಊರಿಗೆ ತಂದುಬಿಡಿ ಎಂದು ಯಾರೂ ಹೇಳಲಿಲ್ಲ. ಮತದಾನ ಹಕ್ಕು, ಹಕ್ಕು ಇದ್ದಲ್ಲಿಗೆ ಮತಗಟ್ಟೆ ಹೋಗಬೇಕು ಎಂದು ಎಲ್ಲರೂ ಒಪ್ಪಿದರು. ಕುಡಿಯುವ ನೀರು, ಶಾಲೆ, ಹೆರಿಗೆಯ ಹೊತ್ತಿನ ದಾದಿ ಇವಕ್ಕೂ ಅದೇ ತರ್ಕವನ್ನು ಏಕೆ ಹಚ್ಚಬಾರದು? ಒಂದು ದಿನದ ಮಟ್ಟಿಗೆ ದಾಟಲು ಬಂದ ಕೆಸರು ವರ್ಷದ ಉಳಿದ ದಿನಗಳಲ್ಲಿ ದಾಟಲಾಗದಷ್ಟು ಆಳವಾಗುವುದಿಲ್ಲ.

ಈಗ ಅಹಮದಾಬಾದಿಗೆ ಬರೋಣ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿಂದ ನೆಂಟರು ಬಂದರೆ ತೋರಿಸುವ ಜಾಗಗಳಲ್ಲಿ ಗಾಂಧಿ ಆಶ್ರಮದ ಜೊತೆ ಸಾಬರಮತಿ ರಿವರ್‌ಫ್ರಂಟ್ ಇದ್ದೇ ಇರುತ್ತದೆ. ಅಗಲವಾದ ಕಾಲ್ದಾರಿ, ಉದ್ಯಾನ, ತುಂಬಿ ನಿಂತ ನೀರು, ಸಂಜೆಯ ಗಾಳಿ ನೋಡಿದವರಿಗೆ ನಮ್ಮೂರಿನ ಹೊಳೆಗೂ ಹೀಗೇ ಮಾಡಬಾರದೇ ಎನಿಸುವುದು ಸಹಜ. ನದಿದಡದ ಇಂಥ ಕಲ್ಪನೆಯನ್ನು ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ 1960ರ ದಶಕದಲ್ಲೇ ಮುಂದಿಟ್ಟಿದ್ದರು. 1997ರಲ್ಲಿ ಮಹಾನಗರಪಾಲಿಕೆ ಇದಕ್ಕೆಂದೇ ಒಂದು ಕಂಪನಿ ಸ್ಥಾಪಿಸಿತು, 2005ರಲ್ಲಿ ಕಾಮಗಾರಿ ಶುರುವಾಯಿತು, 2012ರಿಂದ ದಡ ಸಾರ್ವಜನಿಕರಿಗೆ ತೆರೆಯಿತು. ಎರಡೂ ದಂಡೆಗಳಲ್ಲಿ ಸುಮಾರು 11 ಕಿ.ಮೀ. ಉದ್ದಕ್ಕೆ ಕಾಂಕ್ರೀಟ್ ಗೋಡೆ ಎದ್ದಿದೆ. ಮಳೆಗಾಲ ಕಳೆದರೆ ಒಣಗುತ್ತಿದ್ದ ಆ ನದಿಯಲ್ಲಿ ಈಗ ಕಾಣುವ ನೀರು ನರ್ಮದಾ ಕಾಲುವೆಯಿಂದ ಬಿಟ್ಟದ್ದು, ವಾಸ್ನಾ ಬ್ಯಾರೇಜ್ ತಡೆದು ನಿಲ್ಲಿಸಿದ್ದು.

ಆ ಗೋಡೆ ಬರುವ ಮೊದಲು ಸಾಬರಮತಿಯ ಪಾತ್ರದಲ್ಲಿ ಒಂದು ಬದುಕು ಇತ್ತು. ನೀರು ಇಳಿದ ಮೇಲೆ ಮರಳಿನಲ್ಲಿ ಕರಬೂಜ, ತರಕಾರಿ ಬೆಳೆಯುವವರಿದ್ದರು. ಅಗಸರು ಬಟ್ಟೆ ಒಗೆದು ಅಲ್ಲೇ ಒಣಹಾಕುತ್ತಿದ್ದರು. ಎಲ್ಲಿಸ್ ಸೇತುವೆಯ ಬಳಿ ಭಾನುವಾರದ ಗುಜರಿ ಬಜಾರು ಕೂಡುತ್ತಿತ್ತು. ದಡದ ಉದ್ದಕ್ಕೂ ಗುಡಿಸಲುಗಳಿದ್ದವು. ಮನೆಗೆಲಸದವರು, ಕೂಲಿಗಳು, ಗಾಡಿಯ ಮೇಲೆ ಮಾರುವವರು ಕೆಲಸದ ಜಾಗಕ್ಕೆ ನಡೆದೇ ಹೋಗುತ್ತಿದ್ದರು. ಆ ಬದುಕು ಸುಖದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಶೌಚಾಲಯ ಇರಲಿಲ್ಲ, ನೀರಿಗೆ ಪಾಡು ಪಡಬೇಕಿತ್ತು, ಪ್ರವಾಹ ಬಂದಾಗ ಸಾಮಾನು ಹೊತ್ತು ಮೇಲೆ ಓಡಬೇಕಿತ್ತು.

ಅಹಮದಾಬಾದಿಗೆ ಸಲ್ಲಬೇಕಾದ ಶ್ರೇಯವನ್ನೂ ಕೊಡಬೇಕು. ದಡದಿಂದ ಎದ್ದ 10,000ಕ್ಕೂ ಹೆಚ್ಚು ಕುಟುಂಬಗಳಿಗೆ ಅಲ್ಲಿ ಫ್ಲ್ಯಾಟ್ ಸಿಕ್ಕಿದೆ. ದೇಶದ ಅನೇಕ ನಗರಗಳಲ್ಲಿ ಬುಲ್ಡೋಜರ್ ಬಂದು ಹೋದ ಮೇಲೆ ಏನೂ ಸಿಕ್ಕಿಲ್ಲ. ಆದರೆ ಅದು ತಾನಾಗಿ ಬಂದದ್ದಲ್ಲ. ದಡದ ನಿವಾಸಿಗಳೇ ಸಾಬರಮತಿ ನಾಗರಿಕ ಅಧಿಕಾರ ಮಂಚ್ ಕಟ್ಟಿಕೊಂಡು 2005ರಲ್ಲಿ ಗುಜರಾತ್ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಮಧ್ಯಪ್ರವೇಶಿಸಿದ ಮೇಲೆ ಪುನರ್ವಸತಿಯ ಲೆಕ್ಕ ಗಟ್ಟಿಯಾಯಿತು. ಅದರ ನಡುವೆಯೂ ಕೆಲವು ಕುಟುಂಬಗಳನ್ನು ಪಿರಾಣಾ ಕಸದ ಗುಡ್ಡೆಯಿಂದ ದೂರವಲ್ಲದ ಪಿಪಳಜ್‌ನ ಗಣೇಶನಗರಕ್ಕೆ ತಾತ್ಕಾಲಿಕವೆಂದು ಸಾಗಿಸಲಾಯಿತು, ಆ ತಾತ್ಕಾಲಿಕತೆ ವರ್ಷಗಟ್ಟಲೆ ಬೆಳೆಯಿತು. ಫ್ಲ್ಯಾಟ್ ಸಿಕ್ಕವರಲ್ಲೂ ಅನೇಕರಿಗೆ ಸಿಕ್ಕಿದ್ದು ವಟ್ವಾದಂಥ ನಗರದ ಅಂಚಿನಲ್ಲಿ. ಮನೆಗೆಲಸಕ್ಕೆ ನಡೆದು ಹೋಗುತ್ತಿದ್ದ ಹೆಂಗಸು ಬಸ್ಸು, ಶಟಲ್ ರಿಕ್ಷಾಗಳ ಖರ್ಚು ಲೆಕ್ಕ ಹಾಕಿದರೆ ಆ ಕೆಲಸವೇ ಗಿಟ್ಟುವುದಿಲ್ಲ.

ನದಿಯನ್ನು ಅತಿಕ್ರಮಿಸಿದವರು ಯಾರು ಎಂಬ ಪ್ರಶ್ನೆಯನ್ನೂ ನೇರವಾಗಿ ಕೇಳಬೇಕು. ಜಾಗದಿಂದ ಜಾಗಕ್ಕೆ ಹಿಗ್ಗಿ ಕುಗ್ಗುತ್ತಿದ್ದ ಸಾಬರಮತಿಯ ಪಾತ್ರವನ್ನು ಯೋಜನೆ 263 ಮೀಟರುಗಳ ಒಂದೇ ಅಗಲಕ್ಕೆ ಬಿಗಿಯಿತು. ಹಾಗೆ ಬಿಗಿದಾಗ ಎರಡೂ ಬದಿಗಳಲ್ಲಿ ಸುಮಾರು 200 ಹೆಕ್ಟೇರ್ ಹೊಸ ನೆಲ ಸಿಕ್ಕಿತು. ಮರಳಿನಲ್ಲಿ ಕರಬೂಜ ಬಿತ್ತಿದವನು ಮಳೆಗಾಲಕ್ಕೆ ನದಿಗೆ ಜಾಗ ಬಿಟ್ಟುಕೊಟ್ಟು ಮೇಲೆ ಬರುತ್ತಿದ್ದ. ಕಾಂಕ್ರೀಟ್ ಗೋಡೆ ಯಾವ ಮಳೆಗಾಲದಲ್ಲೂ ಹಿಂದೆ ಸರಿಯುವುದಿಲ್ಲ. ಮೊದಲಿನವನನ್ನು ಅತಿಕ್ರಮಣಕಾರ ಎಂದೂ ಎರಡನೆಯದನ್ನು ಅಭಿವೃದ್ಧಿ ಎಂದೂ ಕರೆಯುವ ಮೊದಲು ನಾವು ಅಳತೆಪಟ್ಟಿ ಹಿಡಿಯಬೇಕು.

ಬಡವರು ಹೋದರೆ ನದಿ ಶುದ್ಧವಾಗುತ್ತದೆ ಎಂಬ ಮಾತೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗುಡಿಸಲುಗಳು ತೆರವಾಗಿ ಎಷ್ಟೋ ವರ್ಷಗಳಾದ ಮೇಲೆ, 2021ರಲ್ಲಿ, ಗುಜರಾತ್ ಹೈಕೋರ್ಟ್ ಸಾಬರಮತಿಯ ಮಾಲಿನ್ಯದ ಬಗ್ಗೆ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ನಗರ ದಾಟಿದ ನದಿಗೆ ಸರಿಯಾಗಿ ಶುದ್ಧಿಯಾಗದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2022ರ ವರದಿ ರಾಯಸಣ್‌ನಿಂದ ವೌಠಾವರೆಗಿನ ಸಾಬರಮತಿಯನ್ನು ದೇಶದ ಅತಿ ಮಲಿನ ನದಿಭಾಗಗಳಲ್ಲಿ ಚೆನ್ನೈನ ಕೂವಂ ನಂತರದ ಸ್ಥಾನದಲ್ಲಿ ಇರಿಸಿತು. ನದಿಗೆ ವಿಷ ಬೆರೆಸುತ್ತಿದ್ದವರು ಗುಡಿಸಲಿನವರೇ ಆಗಿದ್ದರೆ ಈ ಹೊತ್ತಿಗೆ ಅದು ತಿಳಿಯಾಗಬೇಕಿತ್ತು.

ಒಳ್ಳೆಯ ಮನೆ ಕೊಟ್ಟರೆ ದೂರದ ಮಾತು ಕ್ರಮೇಣ ಮರೆತುಹೋಗುತ್ತದೆ, ಮುಂದಿನ ಪೀಳಿಗೆ ಮೇಲೆ ಬರುತ್ತದೆ ಎಂದು ಹೇಳುವವರಿದ್ದಾರೆ. ಇದಕ್ಕೆ ಅಹಮದಾಬಾದಿನಲ್ಲೇ ಒಂದು ಅಪರೂಪದ ಸಾಕ್ಷ್ಯ ಇದೆ. 1987ರಲ್ಲಿ ಇಳಾ ಭಟ್ ಅವರ ಸೇವಾ ಸಂಘಟನೆಗೆ ಸೇರಿದ ಬೀಡಿ, ಅಗರಬತ್ತಿ ಕಾರ್ಮಿಕ ಮಹಿಳೆಯರಿಗೆ ರಿಯಾಯಿತಿ ದರದ ಮನೆಗಳನ್ನು ಲಾಟರಿ ಎತ್ತಿ ಹಂಚಲಾಯಿತು. 497 ಅರ್ಜಿದಾರರಲ್ಲಿ 110 ಮಂದಿಗೆ ಅದೃಷ್ಟ ಒಲಿಯಿತು. ಮನೆ ಗಟ್ಟಿಯಾಗಿತ್ತು, ಚೆನ್ನಾಗಿತ್ತು, ಆದರೆ ಹಳೆಯ ಕೇರಿಗಳಿಂದ ಸುಮಾರು 12 ಕಿ.ಮೀ. ದೂರವಿತ್ತು. ಶೆರನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಮನೆ ಹಂಚಿಕೆಯಾಗಿ 14 ವರ್ಷಗಳಾದ ಮೇಲೆ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದರು.

ಲಾಟರಿಯಲ್ಲಿ ಗೆದ್ದವರಲ್ಲಿ 34 ಪ್ರತಿಶತ ಜನ ಹೊಸ ಮನೆಗೆ ಹೋಗಲೇ ಇಲ್ಲ. ಇನ್ನೂ 32 ಪ್ರತಿಶತ ಜನ ಹೋಗಿ, ಕೆಲಕಾಲ ಇದ್ದು, ಬಿಟ್ಟು ಬಂದರು. ಗೆದ್ದವರ ಕುಟುಂಬದ ಆದಾಯವಾಗಲಿ ಮಕ್ಕಳ ಸ್ಥಿತಿಯಾಗಲಿ ಸೋತವರಿಗಿಂತ ಮೇಲಾಗಿರಲಿಲ್ಲ. ಬದಲಿಗೆ ಬಂಧುಬಳಗದ ಸಂಪರ್ಕ ತೆಳುವಾಗಿತ್ತು, ಕಷ್ಟ ಬಂದಾಗ ಕೈಸಾಲ ಕೊಡುವವರು ಕಡಿಮೆಯಾಗಿದ್ದರು. ಲಾಟರಿ ಎಂಬ ಕಾರಣದಿಂದ ಈ ಹೋಲಿಕೆಗೆ ಬೆಲೆ ಹೆಚ್ಚು. ಗೆದ್ದವರು ಹೆಚ್ಚು ಜಾಣರು, ಸೋತವರು ಸೋಮಾರಿಗಳು ಎಂದು ವಾದಿಸಲು ಇಲ್ಲಿ ಅವಕಾಶವಿಲ್ಲ. ಇಬ್ಬರನ್ನೂ ಬೇರ್ಪಡಿಸಿದ್ದು ಚೀಟಿ ಮಾತ್ರ. ಇವರನ್ನು ಯಾರೂ ಬಲವಂತದಿಂದ ಸಾಗಿಸಿರಲಿಲ್ಲ ಎಂಬುದೂ ನೆನಪಿರಲಿ. ಬಯಸಿ ಅರ್ಜಿ ಹಾಕಿ ಗೆದ್ದವರಲ್ಲೇ ಮೂರನೇ ಒಂದರಷ್ಟು ಜನ ಮಾತ್ರ ಅಲ್ಲಿ ಉಳಿದರು ಎಂದಮೇಲೆ, ಎಬ್ಬಿಸಿ ಕಳಿಸಿದವರ ಸ್ಥಿತಿ ಊಹಿಸಬಹುದು.

ಇನ್ನು ಎರಡನೆಯ ದಾರಿ. ಅದೇ ಅಹಮದಾಬಾದ್ ಮಹಾನಗರಪಾಲಿಕೆ 1990ರ ದಶಕದ ನಡುವಿನಲ್ಲಿ ಪರಿವರ್ತನ್ ಎಂಬ ಯೋಜನೆ ಆರಂಭಿಸಿತು. ಇಂದೋರಿನಲ್ಲಿ ಎಂಜಿನಿಯರ್ ಹಿಮಾಂಶು ಪಾರಿಖ್ ರೂಪಿಸಿದ ಕೊಳೆಗೇರಿ ಜಾಲದ ಕಲ್ಪನೆ ಅದರ ಹಿಂದಿತ್ತು. ಯಾರನ್ನೂ ಕದಲಿಸದೆ, ಮನೆಮನೆಗೆ ನಲ್ಲಿ, ಶೌಚಾಲಯ, ಒಳಚರಂಡಿ, ಮಳೆನೀರಿನ ಕಾಲುವೆ, ಓಣಿಗೆ ಹಾಸುಗಲ್ಲು, ಬೀದಿದೀಪ, ಕಸ ಸಾಗಣೆ ಇವನ್ನು ಒಟ್ಟಿಗೆ ಕೊಡುವುದು ಅದರ ಗುರಿ. ಮೊದಲ ಪ್ರಯೋಗ ಸಂಜಯನಗರದಲ್ಲಿ ನಡೆಯಿತು. ಪ್ರತಿ ಕುಟುಂಬ 2,000 ರೂಪಾಯಿ ಹಾಕಬೇಕು, ಖಾಸಗಿ ಸಂಸ್ಥೆ ಅಷ್ಟೇ ಸೇರಿಸಬೇಕು, ಉಳಿದದ್ದನ್ನು ಪಾಲಿಕೆ ಭರಿಸಬೇಕು ಎಂಬುದು ಲೆಕ್ಕ. ಸಾಥ್, ಸೇವಾದಂಥ ಸಂಸ್ಥೆಗಳು ಜನರ ಜೊತೆ ಕೂತು ಉಳಿತಾಯ, ಸಾಲದ ವ್ಯವಸ್ಥೆ ಮಾಡಿದವು. ಪಾಲಿಕೆ ಜಾಗದ ಹಕ್ಕುಪತ್ರ ಕೊಡಲಿಲ್ಲ. ಹತ್ತು ವರ್ಷ ಎಬ್ಬಿಸುವುದಿಲ್ಲ ಎಂಬ ಭರವಸೆ ಮಾತ್ರ ಕೊಟ್ಟಿತು.

ಆ ಒಂದು ಭರವಸೆಯ ಬಲ ದೊಡ್ಡದು. ನಾಳೆ ಒಡೆಯುತ್ತಾರೆ ಎಂಬ ಹೆದರಿಕೆ ಇರುವವನು ಗೋಡೆಗೆ ಇಟ್ಟಿಗೆ ಕೊಳ್ಳುವುದಿಲ್ಲ. ಹತ್ತು ವರ್ಷದ ನೆಮ್ಮದಿ ಸಿಕ್ಕವನು ಚಾವಣಿ ಎತ್ತುತ್ತಾನೆ, ಶೌಚಾಲಯ ಕಟ್ಟುತ್ತಾನೆ, ಮಗಳನ್ನು ಅದೇ ಶಾಲೆಯಲ್ಲಿ ಮುಂದುವರಿಸುತ್ತಾನೆ. ಇದರ ಆರೋಗ್ಯ ಫಲವನ್ನು ಒಂದು ಅಧ್ಯಯನ ಜಾಣ್ಮೆಯಿಂದ ಅಳೆಯಿತು. ಸೇವಾದ ಆರೋಗ್ಯ ವಿಮೆ ಪಡೆದ ಬಡ ಕುಟುಂಬಗಳು ಯಾವ ಕಾಯಿಲೆಗೆ ಹಣ ಕೇಳುತ್ತಿವೆ ಎಂಬುದನ್ನು ಸಂಶೋಧಕರು ತೆಗೆದು ನೋಡಿದರು. ಪರಿವರ್ತನ್ ಬಂದ ಕೇರಿಗಳಲ್ಲಿ ನೀರಿನಿಂದ ಬರುವ ಕಾಯಿಲೆಗೆ ಹಣ ಕೇಳುವ ಸಂಭವ 32 ಪ್ರತಿಶತದಿಂದ 14 ಪ್ರತಿಶತಕ್ಕೆ ಇಳಿದಿತ್ತು. ಅದೇ ಜನ, ಅದೇ ಕೇರಿ, ಅದೇ ಜಾಗ. ಬದಲಾದದ್ದು ನಲ್ಲಿ ಮತ್ತು ಚರಂಡಿ.

ಸೂರತ್ತಿನ ಕಥೆಯೂ ಇದನ್ನೇ ಹೇಳುತ್ತದೆ. 1994ರ ಸೆಪ್ಟೆಂಬರ್‌ನಲ್ಲಿ ಭಾರಿ ಮಳೆ, ಪ್ರವಾಹಗಳ ಬೆನ್ನಿಗೆ ಅಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ದೇಶವೆಲ್ಲ ಬೆರಳು ತೋರಿಸಿದ್ದು ಮಗ್ಗದ ಕಾರ್ಮಿಕರ ಕೇರಿಗಳ ಕಡೆಗೆ. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ನಗರವನ್ನು ಆರು ವಲಯಗಳಾಗಿ ಮಾಡಿ ಅಧಿಕಾರಿಗಳಿಗೆ ಸ್ವಂತ ನಿರ್ಧಾರದ ಅಧಿಕಾರ ಕೊಟ್ಟರು, ಪ್ರತಿದಿನ ಅವರನ್ನು ಬೀದಿಗಿಳಿಸಿದರು. ಕಸ ಎತ್ತುವುದು ದಿನದ ಕಡ್ಡಾಯ ಕೆಲಸವಾಯಿತು, ಕೊಳೆಗೇರಿಗಳಿಗೆ ಕಲ್ಲುಹಾಸು, ಶೌಚಾಲಯ, ನೀರು ಬಂದವು. ಅವರ ಕಾಲದಲ್ಲಿ ಕಟ್ಟಡ ಒಡೆದದ್ದೂ ಉಂಟು, ಆದರೆ ಪ್ರಭಾವಿಗಳ ಅಕ್ರಮ ಕಟ್ಟಡಗಳೂ ಆಗ ಉರುಳಿದವು. 1996ರ ಹೊತ್ತಿಗೆ ಇಂಟ್ಯಾಕ್ ಸಂಸ್ಥೆ ಸೂರತ್ತನ್ನು ಚಂಡೀಗಢದ ನಂತರ ದೇಶದ ಎರಡನೇ ಸ್ವಚ್ಛ ನಗರವೆಂದು ಗುರುತಿಸಿತು. ಆ ಮಗ್ಗದ ಕಾರ್ಮಿಕರು ಆಗಲೂ ಆ ಊರಲ್ಲೇ ಇದ್ದರು.

ನನ್ನ ವಾದಕ್ಕೆ ಅತ್ಯಂತ ಬಲವಾದ ಎದುರುತ್ತರ ಪ್ರವಾಹ. ನದಿ ಉಕ್ಕಿದಾಗ ನಲ್ಲಿಯಿಂದ ಜೀವ ಉಳಿಯುವುದಿಲ್ಲ, ಅಲ್ಲಿಂದ ಎಬ್ಬಿಸುವುದೇ ಕರುಣೆ ಎಂದು ಹೇಳುವವರ ಮಾತನ್ನು ಗೌರವದಿಂದ ಕೇಳಬೇಕು. 2006ರ ಆಗಸ್ಟಿನಲ್ಲಿ ಉಕಾಯ್ ಅಣೆಕಟ್ಟಿನಿಂದ 9 ಲಕ್ಷ ಕ್ಯೂಸೆಕ್ಸ್ ಮಟ್ಟದವರೆಗೆ ನೀರು ಹರಿದು ಸೂರತ್ತಿನ ಮುಕ್ಕಾಲು ಭಾಗ ಮುಳುಗಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ತಾಪಿ ದಂಡೆಯ ಅನೇಕ ಬಡ ಕುಟುಂಬಗಳು ನಗರದ ಉತ್ತರ ಅಂಚಿನ ಕೋಸಾಡ್ ವಸತಿಗೆ ಹೋಗಬೇಕಾಯಿತು. ಆದರೆ ಆ ದಿನ ಮುಳುಗಿದ್ದು ಗುಡಿಸಲುಗಳಷ್ಟೇ ಅಲ್ಲ. ಅಡಾಜಣ್, ರಾಂದೇರ್‌ಗಳ ಒಳ್ಳೆಯ ಬಡಾವಣೆಗಳೂ ಮುಳುಗಿದ್ದವು. ಅವರಿಗೆ ಯಾರೂ ಊರಂಚಿಗೆ ಹೋಗಿ ಎನ್ನಲಿಲ್ಲ. ಅವರಿಗಾಗಿ ಅಣೆಕಟ್ಟಿನ ನೀರು ಬಿಡುವ ಕ್ರಮ, ಮುನ್ಸೂಚನೆ, ತಡೆಗೋಡೆಗಳ ಚರ್ಚೆ ನಡೆಯಿತು. ಅದು ಸರಿಯಾದ ಚರ್ಚೆಯೇ. ಅದೇ ಚರ್ಚೆಯ ಫಲ ದಡದ ಬಡವನಿಗೂ ಸಿಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ವಡೋದರಾದಲ್ಲಿ 2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ಉಕ್ಕಿದಾಗಲೂ ಇದನ್ನೇ ಕಂಡೆವು. ಪಾವಾಗಢದಲ್ಲಿ ಹುಟ್ಟಿ ನಗರದ ನಡುವೆ ಹಾವಿನಂತೆ ಬಳುಕುವ ಪುಟ್ಟ ನದಿ ಅದು. ಅದರ ಎರಡೂ ಬದಿಗೆ ಗುಜರಾತಿಗಳು ಕೋತರ್ ಎನ್ನುವ ಕೊರಕಲುಗಳು, ತಗ್ಗುಗಳು, ಜೌಗುಗಳು ಇದ್ದವು. ಹೆಚ್ಚಾದ ನೀರು ಅಲ್ಲಿ ಹರಡಿ ನಿಲ್ಲುತ್ತಿತ್ತು. ನಗರ ಬೆಳೆದಂತೆ ಅವುಗಳಲ್ಲಿ ಎಷ್ಟನ್ನೋ ಮಣ್ಣು, ಕಟ್ಟಡದ ಅವಶೇಷ ಸುರಿದು ತುಂಬಿಸಲಾಯಿತು, ಮೇಲೆ ಅಪಾರ್ಟ್‌ಮೆಂಟುಗಳು ಎದ್ದವು. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ನದಿಯ ನೆರೆಬಯಲನ್ನು ಗುರುತಿಸಿ ಕಾಪಾಡಬೇಕೆಂದು ಆದೇಶಿಸಿತು. ಮೂರು ವರ್ಷಗಳ ಬಳಿಕ ನೀರು ಅಕೋಟಾ, ಸಮಾದಂಥ ಬಡಾವಣೆಗಳ ಮನೆಗಳಿಗೆ ನುಗ್ಗಿತು. ನೆರೆಬಯಲನ್ನು ತುಂಬಿದ ಮಣ್ಣಿನ ಲೋಡಿನ ಲೆಕ್ಕ ತೆಗೆದರೆ ಗುಡಿಸಲಿನವರ ಪಾಲು ಎಷ್ಟು ಚಿಕ್ಕದು ಎಂಬುದು ಯಾರಿಗಾದರೂ ಕಂಡೀತು.

ಆ ನದಿಯಲ್ಲಿ ಮೊಸಳೆಗಳೂ ಇವೆ. 2025ರ ಗಣತಿಯಲ್ಲಿ 400ಕ್ಕೂ ಹೆಚ್ಚು ಸಿಕ್ಕವು. 2024ರ ಪ್ರವಾಹದಲ್ಲಿ ಒಂದು ಮೊಸಳೆ ಅಕೋಟಾದ ಮನೆಯೊಂದರ ಚಾವಣಿಯ ಮೇಲೆ ಕೂತ ಚಿತ್ರ ದೇಶದಾದ್ಯಂತ ಹರಿದಾಡಿತು. ಮೊಸಳೆಯಿರುವ ದಡದಲ್ಲಿ ಮನುಷ್ಯರು ಬದುಕುವುದುಂಟೇ ಎಂದು ಕೇಳುವವರು ಅಹಮದಾಬಾದ್ ಮತ್ತು ವಡೋದರಾ ನಡುವಿನ ಚರೋತರ್ ಸೀಮೆಯನ್ನು ನೋಡಬೇಕು. ಆಣಂದ್, ಖೇಡಾ ಜಿಲ್ಲೆಗಳ ಮಲಾತಜ್, ದೇವಾದಂಥ ಹಳ್ಳಿಗಳ ಕೆರೆಗಳಲ್ಲಿ ಮೊಸಳೆಗಳು ಬಿಸಿಲು ಕಾಯುತ್ತಿರುತ್ತವೆ, ಅದೇ ಕೆರೆಯಲ್ಲಿ ಜನ ಬಟ್ಟೆ ಒಗೆಯುತ್ತಾರೆ, ದನಗಳಿಗೆ ನೀರು ಕುಡಿಸುತ್ತಾರೆ. ಅಲ್ಲಿನವರು ಪೂಜಿಸುವ ಖೋಡಿಯಾರ್ ಮಾತೆಯ ವಾಹನವೇ ಮೊಸಳೆ. ಅಪಾಯ ಇಲ್ಲವೆಂದಲ್ಲ, ವಿಶ್ವಾಮಿತ್ರಿಯಲ್ಲಿ ಜೀವಹಾನಿ ಆಗಿದೆ. ಆದರೆ ಯಾವ ಹೊತ್ತಿಗೆ, ಯಾವ ಮೂಲೆಯಲ್ಲಿ ನೀರಿಗಿಳಿಯಬಾರದು ಎಂಬ ತಿಳಿವಳಿಕೆ ತಲೆಮಾರುಗಳಿಂದ ಬಂದದ್ದು. ಮನೆಯಲ್ಲಿ ನಲ್ಲಿ ಇದ್ದರೆ ಕೊಡ ಹಿಡಿದು ದಡಕ್ಕೆ ಇಳಿಯುವ ಪ್ರಸಂಗವೇ ಬರುವುದಿಲ್ಲ ಎಂಬುದೂ ಇಲ್ಲಿ ಮುಖ್ಯ.

ಸರ್ಕಾರಿ ಜಾಗ ಹಿಡಿದವರಿಗೆ ಸೌಕರ್ಯ ಕೊಟ್ಟರೆ ಅತಿಕ್ರಮಣಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂಬ ಆಕ್ಷೇಪ ಇನ್ನೊಂದು. ಇದರಲ್ಲಿ ಕಾನೂನಿನ ಗೌರವ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಪರಿವರ್ತನ್ ಹಕ್ಕುಪತ್ರವಿಲ್ಲದೆ ನೀರು ಕೊಟ್ಟಿತು, ಅದರಿಂದ ಜಾಗದ ಒಡೆತನ ಬದಲಾಗಲಿಲ್ಲ. ಸೂರತ್ತಿನ ಮಗ್ಗ, ವಜ್ರದ ಕಾರ್ಖಾನೆಗಳಿಗೆ ಒಡಿಶಾ, ಉತ್ತರಪ್ರದೇಶ, ಮಹಾರಾಷ್ಟ್ರಗಳಿಂದ ಲಕ್ಷಾಂತರ ದುಡಿಮೆಗಾರರು ಬೇಕು, ಬಂದಿದ್ದಾರೆ. ಅವರ ಕೂಲಿಯಲ್ಲಿ ಕೊಳ್ಳಬಹುದಾದ ಮನೆಯನ್ನು ನಗರ ಕಟ್ಟಿಲ್ಲ. ಬೇರೆ ಯಾರಿಗೂ ಬೇಡವಾದ ತಗ್ಗಿನಲ್ಲಿ, ಸೂರತ್ತಿನವರು ಖಾಡಿ ಎನ್ನುವ ಹಳ್ಳಗಳ ಬದಿಯಲ್ಲಿ ಅವರು ನೆಲೆ ಕಂಡುಕೊಂಡರು. ದುಡಿಮೆಯನ್ನು ಪಡೆದು, ದುಡಿಯುವವರನ್ನು ಮಾತ್ರ ಅಕ್ರಮ ಎನ್ನುವುದು ನ್ಯಾಯವಾಗದು.

ಇದು ದೂರದ ಗುಜರಾತಿನ ಮಾತು ಎಂದು ನಾವು ಪಕ್ಕಕ್ಕಿಡುವಂತಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಇದೆ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಆ ಊರು ನಡುಗಡ್ಡೆಯಾಗುತ್ತಿತ್ತು. 2013ರ ಮಳೆಗಾಲದಲ್ಲಿ ಒಬ್ಬ ತುಂಬು ಗರ್ಭಿಣಿ, ಹೆರಿಗೆಗೆ ಆಸ್ಪತ್ರೆ ಸಿಗಲೆಂದು, ಒಣ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿ ದಾಟಿದರು. ಆ ಹೆಣ್ಣುಮಗಳ ಧೈರ್ಯವನ್ನು ಎಲ್ಲರೂ ಕೊಂಡಾಡಿದೆವು. ಅವರಿಗೆ ಬೇಕಾಗಿದ್ದದ್ದು ಒಂದು ಸೇತುವೆ, ಇಲ್ಲವೇ ಮಳೆಗಾಲ ಪೂರ್ತಿ ಊರಲ್ಲೇ ಇರುವ ಒಬ್ಬ ದಾದಿ. 2009ರ ಪ್ರವಾಹದ ಬಳಿಕ ಉತ್ತರ ಕರ್ನಾಟಕದಲ್ಲಿ ದಾನಿಗಳೂ ಸರ್ಕಾರವೂ ಸೇರಿ ಕಟ್ಟಿದ ಆಸರೆ ಮನೆಗಳನ್ನು ನೆನೆಯಿರಿ. ಹೊಲದಿಂದ ದೂರ, ದನ ಕಟ್ಟಲು, ಮೇವು ಒಟ್ಟಲು ಜಾಗವಿಲ್ಲ ಎಂದು ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗಲಿಲ್ಲ, ಹೋದವರಲ್ಲೂ ಹಲವರು ಮರಳಿದರು. 2019ರಲ್ಲಿ ಮತ್ತೆ ಅದೇ ಹಳ್ಳಿಗಳಿಗೆ ನೀರು ಬಂತು. ಜನ ಹಟಮಾರಿಗಳು ಎಂದು ಅಧಿಕಾರಿಗಳು ಬೇಸರಪಟ್ಟರು. ಅಹಮದಾಬಾದಿನ ಲಾಟರಿಯ ಫಲ ಓದಿದವರಿಗೆ ಇದರಲ್ಲಿ ಹಟ ಕಾಣುವುದಿಲ್ಲ, ಲೆಕ್ಕಾಚಾರ ಕಾಣುತ್ತದೆ.

ಎಲ್ಲೂ ಯಾರನ್ನೂ ಕದಲಿಸಲೇಬಾರದು ಎಂಬುದು ನನ್ನ ಮಾತಲ್ಲ. ಪ್ರತಿ ಮಳೆಗಾಲ ರಭಸದ ನೀರು ಹರಿಯುವ ಜಾಗದಲ್ಲಿ, ಮುನ್ಸೂಚನೆ ಸಿಕ್ಕರೂ ಓಡಲು ಹೊತ್ತಿಲ್ಲದ ಕಡೆ, ಜಾಗ ಬದಲಿಸುವುದೇ ಸರಿ. ಆದರೆ ಅದಕ್ಕೆ ಶರತ್ತುಗಳು ಬೇಕು. ಹೊಸ ಮನೆ ಹಳೆಯ ಕೆಲಸಕ್ಕೆ ನಡೆದು ಹೋಗುವ ದೂರದಲ್ಲಿರಬೇಕು. ಹೊಸದರಲ್ಲಿ ನೀರು ಬಂದ ಮೇಲೆ ಹಳೆಯದನ್ನು ತೆರವು ಮಾಡಬೇಕು. ಒಂದು ಕೇರಿಯವರನ್ನು ಚೆಲ್ಲಾಪಿಲ್ಲಿ ಮಾಡದೆ ಒಟ್ಟಿಗೆ ಇರಿಸಬೇಕು. ಅದೇ ಗೆರೆಯೊಳಗಿರುವ ಮಾಲ್, ಬಂಗಲೆ, ಸರ್ಕಾರಿ ಕಚೇರಿಗಳಿಗೂ ಅದೇ ದಿನ ಅದೇ ನೋಟಿಸು ಹೋಗಬೇಕು. ಈ ನಾಲ್ಕು ಕೂಡಿದರೆ ಸ್ಥಳಾಂತರವೂ ನ್ಯಾಯದ ಕೆಲಸವಾಗುತ್ತದೆ. ಇವಿಲ್ಲದೆ, ನೀರಿನಂಚಿನ ಕಷ್ಟಕ್ಕೆ ನೀರಿನಂಚನ್ನೇ ಬಿಡಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಶಿವಮೊಗ್ಗದ ತುಂಗೆಯ ದಡದಲ್ಲಿ, ಮಂಗಳೂರಿನ ನೇತ್ರಾವತಿಯ ದಡದಲ್ಲಿ ಸ್ಮಾರ್ಟ್ ಸಿಟಿ ಹಣದಿಂದ ಈಗಾಗಲೇ ಕಾಲ್ದಾರಿಗಳು ಮೂಡಿವೆ, ಇನ್ನೂ ಹಲವು ಊರುಗಳು ಸಾಬರಮತಿಯನ್ನೇ ಮಾದರಿಯಾಗಿ ಇಟ್ಟುಕೊಂಡಿವೆ. ನದಿಯ ಬಳಿ ಕೂತು ಗಾಳಿ ಕುಡಿಯುವ ಆಸೆ ಎಲ್ಲರದು, ಅದನ್ನು ನಾನೂ ಬಯಸುತ್ತೇನೆ. ಅಹಮದಾಬಾದಿನಿಂದ ಕಲಿಯುವುದಾದರೆ 2012ರ ಗೋಡೆಯ ಜೊತೆಗೆ 1990ರ ದಶಕದ ನಲ್ಲಿಯಿಂದಲೂ ಕಲಿಯೋಣ. ಯಾವುದೇ ನದಿದಂಡೆ ಯೋಜನೆಯ ವರದಿ ನಮ್ಮ ಮುಂದೆ ಬಂದಾಗ, ಅಲ್ಲಿ ಈಗ ಎಷ್ಟು ಕುಟುಂಬಗಳಿವೆ, ಅವರಲ್ಲಿ ಎಷ್ಟು ಮನೆಗೆ ಮುಂದಿನ ಮಳೆಗಾಲದೊಳಗೆ ನಲ್ಲಿ, ಚರಂಡಿ ಬರುತ್ತದೆ, ಕದಲಿಸಲೇಬೇಕಾದವರು ಎಷ್ಟು ಮಂದಿ, ಅವರು ಎಷ್ಟು ಕಿ.ಮೀ. ದೂರ ಹೋಗುತ್ತಾರೆ ಎಂಬ ಲೆಕ್ಕ ಅದರ ಮೊದಲ ಪುಟದಲ್ಲೇ ಇರಬೇಕು. ಆ ಲೆಕ್ಕ ಇಲ್ಲದ ವರದಿಗೆ ನಗರಸಭೆ ಒಪ್ಪಿಗೆ ಕೊಡಬಾರದು. ಕೊಟ್ಟರೆ, ಆ ದಡದಲ್ಲಿ ವಾಯುವಿಹಾರಕ್ಕೆ ಹೋಗಲಿರುವ ನಾವೇ ಮೊದಲು ಎದ್ದು ಪ್ರಶ್ನಿಸಬೇಕು.